ಹಗ್ಗ ಕಾಯುವ ತಾಯಿತ

ಬಂಡೆ ಏರುವವನ ಪ್ರಾಣ ಬಹುಕಾಲ ಕೆಳಗಿದ್ದ ಜೊತೆಗಾರನ ಸೊಂಟವನ್ನೇ ನಂಬಿತ್ತು. ಹಗ್ಗವನ್ನು ನಡುವಿಗೆ ಬಳಸಿ ನಿಂತವನು ಬೀಳುವವನನ್ನು ತಡೆದರೆ ಅಂಗೈ ಸುಲಿಯುತ್ತಿತ್ತು. 1970ರ ಸುಮಾರಿಗೆ ಜರ್ಮನಿಯ ಫ್ರಿಟ್ಸ್ ಸ್ಟಿಖ್ಟ್ ರೂಪಿಸಿದ ಲೋಹದ ಬಿಲ್ಲೆ ಆ ಘರ್ಷಣೆಯನ್ನು ಮೈಯಿಂದ ಲೋಹಕ್ಕೆ ವರ್ಗಾಯಿಸಿತು. ಆದರೆ ಕೈ ಸಡಿಲವಾದರೆ ಹಗ್ಗವೂ ಸಡಿಲ.

1991ರಲ್ಲಿ ಫ್ರಾನ್ಸಿನ ಪೆಟ್ಜಲ್ ಕಂಪೆನಿ 'ಗ್ರಿಗ್ರಿ' ತಂದಿತು. ಆಫ್ರಿಕದ ತಾಯಿತದ ಹೆಸರದು! ಒಳಗಿರುವುದು ಮಾತ್ರ ಮಂತ್ರವಲ್ಲ, ಒಂದು ಕ್ಯಾಮ್. ಹಗ್ಗಕ್ಕೆ ಥಟ್ಟನೆ ಜಗ್ಗು ಬಿದ್ದಾಗ ಅದು ತಿರುಗಿ ಹಗ್ಗವನ್ನು ಅದುಮಿ ಹಿಡಿಯುತ್ತದೆ. ಅಪಾಯವಿರುವುದು ಹಿಡಿಕೆಯಲ್ಲಿ. ಇಳಿಸುವಾಗ ಗಾಬರಿಯಿಂದ ಪೂರ್ತಿ ಎಳೆದರೆ ಕ್ಯಾಮ್ ಬಿಟ್ಟುಕೊಡುತ್ತದೆ. 2017ರ 'ಗ್ರಿಗ್ರಿ ಪ್ಲಸ್' ಹಿಡಿಕೆ ಅತಿಯಾಗಿ ಎಳೆದಾಗ ತಾನೇ ತಡೆಯುತ್ತದೆ. ಹೊಸಬರಿಗೆ ಅದೇ ಲೇಸು. ಹಗ್ಗದ ದಪ್ಪ 8.5ರಿಂದ 11 ಮಿ.ಮೀ. ಒಳಗಿರಬೇಕು. ಕೆಳಹಗ್ಗದ ಮೇಲಿನ ಕೈಯನ್ನಂತೂ ಎತ್ತುವಂತಿಲ್ಲ.