ರುಸ್ತುಮ್, ನಾನಾವತಿ ಮತ್ತು ಆ ಮೂರು ಗಂಟೆ

'ರುಸ್ತುಮ್' ಸಿನಿಮಾ ನೀವೂ ನೋಡಿರುತ್ತೀರಿ. 2016ರ ಆಗಸ್ಟ್‌ನಲ್ಲಿ ಬಂದದ್ದು. ಅಕ್ಷಯ್ ಕುಮಾರ್, ಇಲಿಯಾನಾ. ಥಿಯೇಟರಿನಲ್ಲಿ ನೋಡದವರೂ ಟಿವಿಯಲ್ಲಿ ಅರ್ಧಂಬರ್ಧವಾದರೂ ನೋಡಿಯೇ ಇರುತ್ತಾರೆ. ಐವತ್ತರ ದಶಕದ ಬೊಂಬಾಯಿ, ಉದ್ದುದ್ದ ಕಾರುಗಳು, ಇಸ್ತ್ರಿ ಮುರಿಯದ ಬಿಳಿ ಯೂನಿಫಾರ್ಮ್... ಹಡಗಿನಿಂದ ಮನೆಗೆ ಬಂದ ನೌಕಾಪಡೆಯ ಅಧಿಕಾರಿಗೆ ಹೆಂಡತಿಯ ಬೇರೆ ಸಂಬಂಧ ಗೊತ್ತಾಗುತ್ತದೆ. ಹೋಗಿ ಮೂರು ಗುಂಡು ಹೊಡೆಯುತ್ತಾನೆ, ತಾನಾಗಿಯೇ ಪೊಲೀಸರ ಬಳಿ ಹೋಗುತ್ತಾನೆ, ಜ್ಯೂರಿಯವರು ನಿರಪರಾಧಿ ಅನ್ನುತ್ತಾರೆ. ಚಪ್ಪಾಳೆ. ಶುಭಂ.

ಮುಂಬೈಯಲ್ಲಿ ಇಷ್ಟು ವರ್ಷ ಇದ್ದೇನೆ ಅನ್ನುವ ಕಾರಣಕ್ಕೆ ಊರಿಂದ ಬಂದವರು ನನ್ನನ್ನು ಕೇಳುವುದುಂಟು, "ಇದೆಲ್ಲ ನಿಜವಾಗಿ ನಡೆದದ್ದಂತಲ್ಲ ಮಾರಾಯ್ರೆ?" ಅಂತ. ನಡೆದದ್ದು ಹೌದು. ಆದರೆ ಸಿನಿಮಾ ಮುಗಿಯುವ ಜಾಗದಲ್ಲಿ ಅದು ಮುಗಿಯಲಿಲ್ಲ. ನಾನು ಬಿಕಾಂ ಓದಿ ಬ್ಯಾಂಕಿಗೆ ಸೇರಿದವನು, ಕಾನೂನು ನನ್ನ ವಿಷಯವಲ್ಲ. ಆದರೆ ಸುಪ್ರೀಂ ಕೋರ್ಟಿನ ತೀರ್ಪು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಿಧಾನವಾಗಿ ಓದಿದೆ. ವೋಚರ್ ಮೇಲೆ ವೋಚರ್ ನೋಡಿ ಅಭ್ಯಾಸವಾದವನಿಗೆ ಅದರಲ್ಲಿ ಎದ್ದು ಕಾಣುವ ಸಂಗತಿಗಳು ಸಿನಿಮಾದಲ್ಲಿ ಕಾಣುವವಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಡೆದದ್ದೇನು ನೋಡೋಣ.

ಕಮಾಂಡರ್ ಕವಾಸ್ ಮಾಣೆಕ್‌ಶಾ ನಾನಾವತಿ, ಪಾರ್ಸಿ. 1949ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಸಿಲ್ವಿಯಾ ಎಂಬ ಇಂಗ್ಲಿಷ್ ಹುಡುಗಿಯ ಜೊತೆ ರಿಜಿಸ್ಟರ್ ಮದುವೆ. ಮೂರು ಮಕ್ಕಳು. 1959ರಲ್ಲಿ ಆತ ಐಎನ್‌ಎಸ್ ಮೈಸೂರ್ ಹಡಗಿನಲ್ಲಿ ಕ್ಯಾಪ್ಟನ್ ನಂತರದ ಸ್ಥಾನದ ಅಧಿಕಾರಿ. (ಹೌದು, ನಮ್ಮ ಮೈಸೂರೇ! ಬ್ರಿಟಿಷರ 'ನೈಜೀರಿಯಾ' ಎಂಬ ಹಳೆಯ ಯುದ್ಧನೌಕೆಯನ್ನು ಕೊಂಡು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿಸಿಕೊಂಡಾಗ ಇಟ್ಟ ಹೆಸರು.) ಆತ ತಿಂಗಳುಗಟ್ಟಲೆ ಸಮುದ್ರದ ಮೇಲೆ. ಈ ನಡುವೆ ಗೆಳೆಯರ ಮೂಲಕ ಪರಿಚಯವಾದವನು ಪ್ರೇಮ್ ಅಹುಜಾ. ಸಿಂಧಿ, ಮೂವತ್ತನಾಲ್ಕರ ಅವಿವಾಹಿತ, ಪೆಡ್ಡರ್ ರೋಡಿನಲ್ಲಿ ಯೂನಿವರ್ಸಲ್ ಮೋಟರ್ಸ್ ಎಂಬ ಕಾರು ವ್ಯಾಪಾರ. ಅಕ್ಕಪಕ್ಕದ ನೇಪಿಯನ್ ಸೀ ರೋಡ್ ಭಾಗದಲ್ಲಿ ಸಹೋದರಿ ಮೇಮಿಯ ಜೊತೆ ವಾಸ.

1959ರ ಏಪ್ರಿಲ್ 27. ಬೆಳಿಗ್ಗೆ ಗಂಡಹೆಂಡತಿ ಇಬ್ಬರೂ ಕಾಯಿಲೆ ಬಿದ್ದ ನಾಯಿಯನ್ನು ಪರೇಲಿನ ಪ್ರಾಣಿಗಳ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ. ಮೆಟ್ರೋ ಥಿಯೇಟರಿನಲ್ಲಿ ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆದುಕೊಂಡಿದ್ದಾರೆ. ಯಾವ ಮನೆಯಲ್ಲೂ ನಡೆಯಬಹುದಾದ ಬೆಳಗು. ಊಟವಾದ ಮೇಲೆ ಗಂಡ ಹೆಗಲ ಮೇಲೆ ಕೈಯಿಟ್ಟಾಗ ಆಕೆ ಸರಿದುಕೊಂಡಳು. ಯಾಕೆ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದಳು.

ಆಮೇಲೆ ಆತ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮೆಟ್ರೋ ಬಳಿ ಬಿಟ್ಟ. ಆರು ಗಂಟೆಗೆ ಆಟ ಬಿಟ್ಟಾಗ ಬಂದು ಕರೆದೊಯ್ಯುತ್ತೇನೆ ಎಂದ. ಅಲ್ಲಿಂದ ಹಡಗಿಗೆ ಹೋದ. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಡ್ರೈವ್ ಮಾಡಬೇಕಾಗಿದೆ ಎಂದು ಹೇಳಿ ಒಂದು ರಿವಾಲ್ವರ್, ಆರು ಗುಂಡು ಪಡೆದ. ಗುಂಡು ತುಂಬಿಸಿ ಕಂದು ಬಣ್ಣದ ಲಕೋಟೆಯಲ್ಲಿಟ್ಟುಕೊಂಡ. ಪೆಡ್ಡರ್ ರೋಡಿನ ಆಫೀಸಿಗೆ ಹೋದ, ಅಹುಜಾ ಇರಲಿಲ್ಲ. ಮನೆಗೆ ಹೋದ. ಆಳು ಬಾಗಿಲು ತೆಗೆದ. ನೇರ ಬೆಡ್‌ರೂಮಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ಆಗಷ್ಟೇ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದ ಅಹುಜಾನನ್ನು, ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದೆ, ಆತ ಒರಟಾಗಿ ಉತ್ತರ ಕೊಟ್ಟ ಎಂಬುದು ನಾನಾವತಿಯ ಹೇಳಿಕೆ. ಮೂರು ಗುಂಡು ಹಾರಿದವು. ಅಹುಜಾ ಸತ್ತ. ಸಹೋದರಿ ಅದೇ ಮನೆಯೊಳಗೆ ಇದ್ದಳು.

ನಾನು ಫೋರ್ಟ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಈ ದಾರಿಯಲ್ಲೆಲ್ಲ ಎಷ್ಟೋ ಸಲ ಓಡಾಡಿದ್ದೇನೆ. ಧೋಬಿ ತಲಾವ್‌ನ ಮೆಟ್ರೋ, ಅಲ್ಲಿಂದ ಬಂದರು, ಅಲ್ಲಿಂದ ಪೆಡ್ಡರ್ ರೋಡ್, ಮತ್ತೆ ನೇಪಿಯನ್ ಸೀ ರೋಡ್. ಒಂದೇ ದಿಕ್ಕಿನ ದಾರಿಯಲ್ಲ ಅದು. ಹಿಂದೆ ಮುಂದೆ ಸುತ್ತಬೇಕು. ಮನೆ ಬಿಟ್ಟದ್ದು ಒಂದೂವರೆಗೆ, ಗುಂಡು ಹಾರಿದ್ದು ನಾಲ್ಕು ಇಪ್ಪತ್ತಕ್ಕೆ. ಹತ್ತಿರ ಹತ್ತಿರ ಮೂರು ಗಂಟೆ.

ಈ ಮೂರು ಗಂಟೆಯೇ ಕೊನೆಗೆ ಕೇಸನ್ನು ತೀರ್ಮಾನಿಸಿದ್ದು. ಕಾನೂನಿನಲ್ಲಿ ಒಂದು ರಿಯಾಯಿತಿ ಇದೆ. ತೀವ್ರವಾದ, ಹಠಾತ್ತಾದ ಪ್ರಚೋದನೆಯಿಂದ ಹತೋಟಿ ತಪ್ಪಿ ಕೊಂದರೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆ ಅಪರಾಧ. ಮನುಷ್ಯ ಸ್ವಭಾವಕ್ಕೆ ಕಾನೂನು ಕೊಟ್ಟ ಸಾಲದ ಮಿತಿ ಅನ್ನಿ. ಆದರೆ ಆ ಮಿತಿಗೆ ಗಡುವು ಇದೆ. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟಿನ ಪರವಾಗಿ ತೀರ್ಪು ಬರೆದ ನ್ಯಾಯಮೂರ್ತಿ ಸುಬ್ಬರಾವ್ ಹೇಳಿದ್ದು ಇಷ್ಟೇ. ಹೆಂಡತಿಯ ಮಾತು ಕೇಳಿದಾಗ ಆತ ಹತೋಟಿ ತಪ್ಪಿರಬಹುದು, ಆದರೆ ಆಮೇಲೆ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ, ಸುಳ್ಳು ನೆಪ ಹೇಳಿ ರಿವಾಲ್ವರ್ ಪಡೆದ, ಬೇರೆ ಕಡೆ ಹುಡುಕಿ ಹೋದ. ಹತೋಟಿಗೆ ಬರಲು ಬೇಕಾದಷ್ಟು ಸಮಯ ಸಿಕ್ಕಿತ್ತು. ಆದ್ದರಿಂದ ಕೊಲೆ. ಹೈಕೋರ್ಟ್ ಕೊಟ್ಟಿದ್ದ ಜೀವಾವಧಿ ಶಿಕ್ಷೆ ಖಾಯಂ.

ಬ್ಯಾಂಕಿನವನ ಕಣ್ಣಿಗೆ ಬೀಳುವುದು ಆ ಅಹಮದ್‌ನಗರ. ಒಂದು ಉದ್ದೇಶ ಹೇಳಿ ತೆಗೆದದ್ದನ್ನು ಇನ್ನೊಂದಕ್ಕೆ ಬಳಸಿದ್ದು. ಸಿಟ್ಟು ಸುಳ್ಳು ಹೇಳುವುದಿಲ್ಲ ಸ್ವಾಮಿ. ಸುಳ್ಳು ಹೇಳಲು ಯೋಚನೆ ಬೇಕು. ತನಗೇ ಗುಂಡು ಹೊಡೆದುಕೊಳ್ಳಬೇಕೆಂದಿದ್ದೆ ಎಂದು ಆತ ಹೇಳಿಕೊಂಡದ್ದೂ ಉಂಟು. ಇರಬಹುದು. ಮನುಷ್ಯನ ಮನಸ್ಸು ಹೀಗೇ ಅಂತ ಹೇಳಲಾಗದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಸಿನಿಮಾ ನೋಡಿದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಮಾನಕ್ಕಾಗಿ ಕೊಂದೆ ಎಂದು ನಾನಾವತಿ ಕೋರ್ಟಿನಲ್ಲಿ ಹೇಳಲೇ ಇಲ್ಲ! ಆತನ ವಕೀಲರು ಕಾರ್ಲ್ ಖಂಡಾಲಾವಾಲಾ (ಭಾರತೀಯ ಚಿತ್ರಕಲೆಯ ದೊಡ್ಡ ವಿದ್ವಾಂಸರೂ ಹೌದು). ಅವರ ವಾದ ಇದ್ದದ್ದು, ಇಬ್ಬರೂ ರಿವಾಲ್ವರಿಗಾಗಿ ಕಿತ್ತಾಡಿದರು, ಆ ಜಗ್ಗಾಟದಲ್ಲಿ ಗುಂಡು ಆಕಸ್ಮಿಕವಾಗಿ ಹಾರಿತು ಎಂದು. ಅಂದರೆ ಅಪಘಾತ. ಕಿತ್ತಾಟ ನಡೆದಿದ್ದರೆ ಸತ್ತವನ ಸೊಂಟದ ಟವೆಲ್ ಹಾಗೆಯೇ ಹೇಗೆ ಉಳಿಯಿತು ಎಂದು ಸರ್ಕಾರದ ಕಡೆಯವರು ಕೇಳಿದರು. ಹೊರಗೆ ಬರುವಾಗ ತಡೆದ ವಾಚ್‌ಮನ್‌ಗೆ ನಾನಾವತಿ ಹೇಳಿದ್ದು ಅಪಘಾತದ ಮಾತಲ್ಲ, ತನ್ನ ಹೆಂಡತಿಯೊಂದಿಗೆ ಸಂಬಂಧವಿತ್ತು, ಅದಕ್ಕೆ ಕೊಂದೆ ಎಂದು.

ಲೆಕ್ಕ ಬಲ್ಲವರು ಸ್ವಲ್ಪ ಯೋಚಿಸಿ. ಒಂದೇ ಮೊತ್ತವನ್ನು ಎರಡು ಖಾತೆಗೆ ಜಮಾ ಮಾಡಲು ಬರುವುದಿಲ್ಲ. ಕೋರ್ಟಿನ ಒಳಗೆ ಅದು ಆಕಸ್ಮಿಕ. ಕೋರ್ಟಿನ ಹೊರಗೆ ಬೀದಿಯಲ್ಲಿ ಅದೇ ಮೂರು ಗುಂಡು ಗಂಡಸಿನ ಧರ್ಮ, ಯೋಧನ ಮರ್ಯಾದೆ. ಯಾವುದನ್ನು ಮಾಡಲಿಲ್ಲ ಎಂದು ಆತ ವಾದಿಸುತ್ತಿದ್ದನೋ ಅದಕ್ಕಾಗಿಯೇ ಜನ ಆತನನ್ನು ಹೊತ್ತು ಮೆರೆಸಿದರು.

ಆ ಬೀದಿಯ ಖಾತೆಯನ್ನು ತೆರೆದದ್ದು ಆರ್.ಕೆ. ಕರಂಜಿಯಾ ಅವರ 'ಬ್ಲಿಟ್ಜ್' ವಾರಪತ್ರಿಕೆ. ನಾಲ್ಕಾಣೆಯ ಪತ್ರಿಕೆ ಎರಡು ರೂಪಾಯಿಗೆ ಮಾರಾಟವಾಯಿತಂತೆ. ಆಟಿಕೆಯ 'ನಾನಾವತಿ ರಿವಾಲ್ವರ್', 'ಅಹುಜಾ ಟವೆಲ್' ಎಂದು ಫುಟ್‌ಪಾತಿನಲ್ಲಿ ಮಾರಿದರಂತೆ. ಲಿಪ್‌ಸ್ಟಿಕ್ ಗುರುತಿನ ನೂರರ ನೋಟುಗಳನ್ನು ಹುಡುಗಿಯರು ಆತನಿಗೆ ಕಳಿಸುತ್ತಿದ್ದರು ಎಂಬ ಕತೆಯೂ ಇದೆ. (ಅಂಥ ನೋಟು ಕೌಂಟರಿಗೆ ಬಂದಿದ್ದರೆ ನಮ್ಮ ಕ್ಯಾಶಿಯರ್ ಏನು ಮಾಡುತ್ತಿದ್ದನೋ!) ಪಾರ್ಸಿಗಳು ನಾನಾವತಿಯ ಬೆನ್ನಿಗೆ, ಸಿಂಧಿಗಳು ಮೇಮಿ ಅಹುಜಾಳ ಬೆನ್ನಿಗೆ.

1959ರ ಅಕ್ಟೋಬರ್ 21ರಂದು ಜ್ಯೂರಿ 8-1ರಿಂದ ನಿರಪರಾಧಿ ಎಂದಿತು. ಸೆಷನ್ಸ್ ನ್ಯಾಯಾಧೀಶ ಮೆಹ್ತಾ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರು ಕೇಸನ್ನು ಹೈಕೋರ್ಟಿಗೆ ಕಳಿಸಿದರು. ಸಿನಿಮಾದವರು ಇಲ್ಲಿಯೇ ಪರದೆ ಎಳೆದುಬಿಡುತ್ತಾರೆ. 1960ರ ಮಾರ್ಚ್ 11ರಂದು ಹೈಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. ಅದೇ ದಿನ ರಾಜ್ಯಪಾಲ ಶ್ರೀಪ್ರಕಾಶರು ಶಿಕ್ಷೆಯನ್ನು ತಡೆಹಿಡಿದು ಆತ ನೌಕಾಪಡೆಯ ವಶದಲ್ಲೇ ಇರಲಿ ಎಂದರು. ಕೋರ್ಟಿನ ವಾರಂಟು ಬೌನ್ಸ್ ಆದ ಚೆಕ್ಕಿನ ಹಾಗೆ ಜಾರಿಯಾಗದೆ ವಾಪಸ್ ಬಂತು. ಮೇಲ್ಮನವಿ ಸುಪ್ರೀಂ ಕೋರ್ಟಿನ ಮುಂದಿರುವಾಗ ರಾಜ್ಯಪಾಲರು ಹೀಗೆ ಮಾಡುವಂತಿಲ್ಲ ಎಂದು ಆ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕೊನೆಗೆ 1964ರಲ್ಲಿ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತ್ ಕ್ಷಮಾದಾನ ಕೊಟ್ಟರು. ಅದೇ ಸಮಯಕ್ಕೆ ಭಾಯಿ ಪ್ರತಾಪ್ ಎಂಬ ಸಿಂಧಿ ವ್ಯಾಪಾರಿಗೂ ಬೇರೊಂದು ಕೇಸಿನಲ್ಲಿ ಕ್ಷಮೆ ಸಿಕ್ಕಿತು. ಪಾರ್ಸಿ ಕಡೆಗೊಂದು, ಸಿಂಧಿ ಕಡೆಗೊಂದು. ಬ್ಯಾಲೆನ್ಸ್ ಶೀಟ್ ಸರಿಹೋಯಿತು! 1968ರಲ್ಲಿ ನಾನಾವತಿ, ಸಿಲ್ವಿಯಾ, ಮಕ್ಕಳು ಕೆನಡಾಕ್ಕೆ ಹೋದರು. ಆತ ತೀರಿಕೊಂಡದ್ದು 2003ರಲ್ಲಿ.

ಅಂದ ಹಾಗೆ, ಈ ಕೇಸಿನಿಂದಲೇ ಭಾರತದಲ್ಲಿ ಜ್ಯೂರಿ ಪದ್ಧತಿ ನಿಂತುಹೋಯಿತು ಎಂದು ಎಲ್ಲರೂ ಬರೆಯುತ್ತಾರೆ. ಅಷ್ಟು ಸರಳವಲ್ಲ. ಜ್ಯೂರಿ ಬೇಡ ಎಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು. ಪೂರ್ತಿ ಹೋದದ್ದು 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ. ನಾನಾವತಿ ಕೇಸು ಆ ಸಾವಿಗೆ ಒಂದು ಒಳ್ಳೆಯ ಕತೆ ಕೊಟ್ಟಿತು, ಅಷ್ಟೇ.

ಇನ್ನು ಸಿನಿಮಾಗಳು. 1963ರಲ್ಲಿ ಸುನೀಲ್ ದತ್, ಲೀಲಾ ನಾಯ್ಡು ನಟಿಸಿದ 'ಯೇ ರಾಸ್ತೇ ಹೈ ಪ್ಯಾರ್ ಕೇ' ಬಂತು. 1973ರಲ್ಲಿ ಗುಲ್ಜಾರ್ ಅವರ 'ಅಚಾನಕ್'. ಅದರಲ್ಲಿ ವಿನೋದ್ ಖನ್ನಾ ಸೇನೆಯ ಮೇಜರ್, ಗೆಳೆಯನ ಜೊತೆಗೆ ಹೆಂಡತಿಯನ್ನೂ ಕೊಲ್ಲುತ್ತಾನೆ. ಆಮೇಲೆ ರುಸ್ತುಮ್. ಇದರಲ್ಲಿ ವಿಮಾನವಾಹಕ ನೌಕೆಯ ಖರೀದಿ, ಲಂಚ, ದೇಶಭಕ್ತಿ ಎಲ್ಲ ಸೇರಿಸಿದರು. ಕೋರ್ಟಿನ ದಾಖಲೆಯಲ್ಲಿ ಅಂಥದ್ದೇನೂ ಇಲ್ಲ. ಯಾಕೆ ಸೇರಿಸಿದರು? ಹೆಂಡತಿಯ ಕಾರಣಕ್ಕೆ ಮಾತ್ರ ಕೊಂದ ಎಂದರೆ 2016ರ ಪ್ರೇಕ್ಷಕನಿಗೂ ಸ್ವಲ್ಪ ಇರುಸುಮುರುಸು ಅನಿಸಿರಬೇಕು. ಸತ್ತವನು ದೇಶದ್ರೋಹಿಯೂ ಆಗಿಬಿಟ್ಟರೆ ಗುಂಡುಗಳು ಪುಣ್ಯವಾಗುತ್ತವೆ. ಸಹೋದರಿಯ ಪಾತ್ರವನ್ನು ಸಿಗರೇಟು ಹಿಡಿದ ಖಳನಾಯಕಿ ಮಾಡಿದರೆ ಆಕೆಯ ದುಃಖಕ್ಕೂ ಲೆಕ್ಕ ಕೊಡಬೇಕಾಗಿಲ್ಲ. ಈ ಪಾತ್ರಕ್ಕೆ ಅಕ್ಷಯ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು.

ನನಗೆ ಹೆಚ್ಚು ಕಾಡುವುದು ಸಿಲ್ವಿಯಾ. ಆಕೆ ಗಂಡನ ಪರವಾಗಿ ಸಾಕ್ಷಿ ಹೇಳಿದಳು. ಅಹುಜಾನಿಗೆ ಬರೆದ ಆಕೆಯ ಪತ್ರಗಳನ್ನು ತುಂಬಿದ ಕೋರ್ಟಿನಲ್ಲಿ ಎಲ್ಲರೆದುರು ಓದಲಾಯಿತು. ಅಹುಜಾ ಬೇರೆ ಹುಡುಗಿಯರನ್ನು ಮದುವೆಯಾಗುವ ಮಾತಾಡಿದ್ದಕ್ಕೆ ನೊಂದುಕೊಂಡ ಪತ್ರ ಅದರಲ್ಲಿತ್ತು. ಆಗಿನ ಕಾನೂನಿನಲ್ಲಿ ವ್ಯಭಿಚಾರ ಅಪರಾಧ, ದಂಡ ಸಂಹಿತೆಯ 497ನೇ ಕಲಂ. ಆದರೆ ಓದಿ ನೋಡಿ, ಶಿಕ್ಷೆ ಪರಪುರುಷನಿಗೆ ಮಾತ್ರ, ಐದು ವರ್ಷದವರೆಗೆ. ದೂರು ಕೊಡುವ ಹಕ್ಕು ಗಂಡನಿಗೆ. ಹೆಂಡತಿ ಆರೋಪಿಯೂ ಅಲ್ಲ. ಗಂಡ ದಾರಿ ತಪ್ಪಿದರೆ ಆಕೆ ದೂರು ಕೊಡುವಂತೆಯೂ ಇಲ್ಲ. ಕಳುವಾದ ಸೈಕಲ್ಲಿನ ಕೇಸಿನಲ್ಲಿ ಸೈಕಲ್ಲಿಗೆ ಇರುವ ಸ್ಥಾನ. ಆ ಮಧ್ಯಾಹ್ನ ನಾನಾವತಿಗೆ ಈ ಕಾನೂನಿನ ದಾರಿ ಇತ್ತು ಅನ್ನುವುದನ್ನು ಯಾವ ಸಿನಿಮಾವೂ ನೆನಪಿಸುವುದಿಲ್ಲ.

ಇದಕ್ಕೊಂದು ಬಾಲ ಇದೆ. ಹೈಕೋರ್ಟಿನಲ್ಲಿ ನಾನಾವತಿಯ ವಿರುದ್ಧ ಸರ್ಕಾರದ ಕಡೆ ಇದ್ದ ವಕೀಲರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. 1985ರಲ್ಲಿ ಇದೇ 497ನೇ ಕಲಂ ಸರಿಯಿದೆ ಎಂದು ಎತ್ತಿಹಿಡಿದರು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಆ ಕಲಮನ್ನು ಹೊಡೆದುಹಾಕಿತು. ಆ ಐವರಲ್ಲಿ ಒಬ್ಬರು ಅವರ ಮಗ ಡಿ.ವೈ. ಚಂದ್ರಚೂಡ್. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ವ್ಯಭಿಚಾರದ ಅಪರಾಧ ಇಲ್ಲ. ಹಠಾತ್ ಪ್ರಚೋದನೆಯ ರಿಯಾಯಿತಿ ಮಾತ್ರ ಅದರಲ್ಲೂ ಉಳಿದುಕೊಂಡಿದೆ.

ಸಿಲ್ವಿಯಾ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಮದುವೆ ಮುರಿಯುವುದು ಸಣ್ಣ ನೋವಲ್ಲ. ಆ ಗಂಡನ ಸಂಕಟವೂ ಸುಳ್ಳಲ್ಲ. ಆದರೆ ಆ ದಂಪತಿ ಕೊನೆಗೆ ಮಾಡಿದ್ದೇನು ನೋಡಿ. ಎಲ್ಲ ಮುಗಿದ ಮೇಲೆ ಮತ್ತೆ ಒಟ್ಟಿಗೆ ಸಂಸಾರ ಮಾಡಿದರು, ಮಕ್ಕಳನ್ನು ಬೆಳೆಸಿದರು, ಪತ್ರಿಕೆಗಳ ಕೈಗೆ ಸಿಗದೆ ದೂರದ ದೇಶದಲ್ಲಿ ಸುಮ್ಮನೆ ಬದುಕಿದರು. ಕ್ಷಮೆ ಸಾಧ್ಯವಿತ್ತು ಎಂದಾಯಿತಲ್ಲ? ಹಾಗಾದರೆ ಪ್ರೇಮ್ ಅಹುಜಾ ಸತ್ತದ್ದು ಯಾವುದಕ್ಕೆ? ಕಪಾಟಿನಲ್ಲಿ ಯೂನಿಫಾರ್ಮ್ ಇಲ್ಲದ, ಪರವಾಗಿ ಬರೆಯಲು ವಾರಪತ್ರಿಕೆ ಇಲ್ಲದ ಒಬ್ಬ ಕಾರ್ಖಾನೆ ಕೂಲಿ ಇದೇ ಕೆಲಸ ಮಾಡಿದ್ದರೆ ಅವನಿಗಾಗಿ ಯಾರಾದರೂ ಟವೆಲ್ ಮಾರುತ್ತಿದ್ದರೇ?

ಮುಂದಿನ ಸಲ ಟಿವಿಯಲ್ಲಿ ರುಸ್ತುಮ್ ಬಂದಾಗ ನೋಡಿ, ಬೇಡ ಅನ್ನುವುದಿಲ್ಲ. ಹಳೆಯ ಬೊಂಬಾಯಿಯನ್ನು ಚೆನ್ನಾಗಿಯೇ ಕಟ್ಟಿದ್ದಾರೆ. ಆದರೆ ಜ್ಯೂರಿ ಎದ್ದು ನಿಂತು ತೀರ್ಪು ಹೇಳುವಾಗ ಒಂದೂವರೆಯಿಂದ ನಾಲ್ಕು ಇಪ್ಪತ್ತರವರೆಗಿನ ಆ ಹೊತ್ತನ್ನು ಸ್ವಲ್ಪ ಲೆಕ್ಕ ಹಾಕಿ. ನೀವು ಆ ಒಂಬತ್ತು ಜನರಲ್ಲಿ ಒಬ್ಬರಾಗಿದ್ದರೆ ಯಾವ ಕಡೆ ಕೈಯೆತ್ತುತ್ತಿದ್ದಿರಿ? ಬರೆದು ತಿಳಿಸಿ.