ವಕಟ, ಲೇಂಡ, ಮೂಂಡ

‘ವಕಟ’ ಎಂಬ ಮಾತು ನನ್ನ ಕಿವಿಗೆ ಮೊದಲು ಬಿದ್ದದ್ದು ಕಣಕುಂಬಿಯಲ್ಲಿ. ಮಲಪ್ರಭೆ ಹುಟ್ಟುವ ಜಾಗ ನೋಡಬೇಕೆಂದು ಬೆಳಗಾವಿಯಿಂದ ಜಾಂಬೋಟಿ ದಾಟಿ ಹೋಗಿದ್ದೆ. ಮಾವುಲಿ ಗುಡಿಗೆ ಕೈಮುಗಿದು ಹೊರಬಂದರೆ, ಕೊಯ್ಲು ಮುಗಿದ ಭತ್ತದ ಗದ್ದೆಯಲ್ಲಿ ನಾಲ್ಕೈದು ಹುಡುಗರು ಚಿಣಿದಾಂಡು ಆಡುತ್ತಿದ್ದರು. ಒಬ್ಬ ಹೊಡೆದ ಚಿಣಿ ದೂರ ಹೋಗಿ ಬಿದ್ದಿತ್ತು. ಅವನು ಬಗ್ಗಿ, ದಾಂಡನ್ನು ನೆಲಕ್ಕೆ ಹಚ್ಚಿ ಹೊರಳಿಸುತ್ತ ಅಳೆಯುತ್ತಿದ್ದ: ‘ವಕಟ, ಲೇಂಡ, ಮೂಂಡ, ನಾಲ, ಆರ, ವೇದ...’

ಹುಡುಗರ ಮನೆಮಾತು ಮರಾಠಿ. ಮರಾಠಿಯಲ್ಲಿ ಒಂದಕ್ಕೆ ‘ಏಕ್’, ಎರಡಕ್ಕೆ ‘ದೋನ್’. ಹಾಗಾದರೆ ಇದು ಯಾವ ಎಣಿಕೆ? ಕಟ್ಟೆಯ ಮೇಲೆ ಕೂತಿದ್ದ ಹಿರಿಯರನ್ನು ಕೇಳಿದೆ: ‘ಅಜ್ಜಾರ, ವಕಟ ಅಂದ್ರ ಏನ್ರಿ?’

‘ವಕಟ ಅಂದ್ರ ವಕಟನ, ತಮ್ಮಾ. ನಮ್ಮ ಅಪ್ಪನೂ ಹಂಗ ಎಣಸ್ತಿದ್ದ.’

ಊರಿಗೆ ಮರಳುವ ದಾರಿಯುದ್ದಕ್ಕೂ ಆ ಉತ್ತರವನ್ನೇ ಮೆಲುಕು ಹಾಕಿದೆ. ಒಕಟಿ, ರೆಂಡು, ಮೂಡು, ನಾಲುಗು ಎಂದು ತೆಲುಗು ಬಲ್ಲವರು ಇಷ್ಟರಲ್ಲಿ ಗುರುತು ಹಿಡಿದಿರುತ್ತಾರೆ. ಕಣಕುಂಬಿಯಲ್ಲಷ್ಟೇ ಅಲ್ಲ, ಮರಾಠಿ ನಾಡಿನ ಹಲವೆಡೆ ಈ ಆಟದಲ್ಲಿ ಎಣಿಸುವುದು ಹೀಗೆಯೇ. ಆಟಕ್ಕೆ ‘ವಕಟ-ಲೇಂಡ’ ಎಂಬ ಹೆಸರೂ ಇದೆ. ಬೇರೆ ಯಾವುದಕ್ಕೂ, ಅಂಗಡಿಯ ಲೆಕ್ಕಕ್ಕಾಗಲೀ ಕುರಿಯ ಎಣಿಕೆಗಾಗಲೀ, ಈ ಅಂಕಿಗಳನ್ನು ಬಳಸುವುದಿಲ್ಲ. ದಾಂಡು ಕೈಗೆ ಬಂದಾಗ ಮಾತ್ರ ನಾಲಿಗೆಗೆ ಬರುವ ಅಂಕಿಗಳಿವು.

ಇದು ಕನ್ನಡವೇ ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ನಾನು ಹೇಳಲಾರೆ. ‘ನಾಲ’ದಲ್ಲಿ ನಮ್ಮ ನಾಲ್ಕು ಕೇಳಿಸುತ್ತದೆ, ‘ಆರ’ ಅಂತೂ ನಮ್ಮ ಆರೇ. ಆದರೆ ವಕಟದೊಳಗೆ ‘ಒಂದು’ ಇಲ್ಲ, ‘ಒಕಟಿ’ ಇದೆ. ಲೇಂಡದೊಳಗೆ ‘ಎರಡು’ ಇಲ್ಲ, ‘ರೆಂಡು’ ಇದೆ. ದ್ರಾವಿಡ ಮನೆತನದ್ದು ಎನ್ನುವುದರಲ್ಲಿ ಅನುಮಾನವಿಲ್ಲ, ಮುಖ ಮಾತ್ರ ಹೆಚ್ಚಾಗಿ ತೆಲುಗಿನದು. ಕನ್ನಡದ ಮೇಲಿನ ಪ್ರೀತಿಗಾಗಿ ದಾಯಾದಿಯ ಸೊತ್ತನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳಬೇಕಾಗಿಲ್ಲ.

ನನ್ನನ್ನು ಬಹಳ ದಿನ ಕಾಡಿದ್ದು ‘ವೇದ’. ನಾಲದ ಮುಂದೆ ಐದು ಬರಬೇಕು, ಬರುವುದಿಲ್ಲ. ನೇರವಾಗಿ ಆರ, ಅದರ ಬೆನ್ನಿಗೆ ವೇದ. ಐದು ತನ್ನ ಜಾಗ ತಪ್ಪಿ ಹಿಂದೆ ಸರಿದು ವೇದವಾಯಿತು ಎಂದು ಓದಬಹುದು. ತೆಲುಗಿನ ಏಳು, ಅಂದರೆ ‘ಏಡು’, ವೇದವಾಯಿತು ಎಂದೂ ಓದಬಹುದು. ನನ್ನ ಒಲವು ಎರಡನೆಯದರ ಕಡೆಗೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಸಾಗುವಾಗ ಅಂಕಿಗಳ ಸಾಲು ಹಿಂದುಮುಂದಾಗುವುದಕ್ಕಿಂತ, ನಡುವಿನ ಒಂದು ಅಂಕಿ ಉದುರಿಹೋಗುವುದು ಸುಲಭ. ಅರ್ಥ ಗೊತ್ತಿದ್ದವರಾದರೆ ತಪ್ಪಿದ್ದನ್ನು ತಿದ್ದುತ್ತಿದ್ದರು. ಇಲ್ಲಿ ಉಳಿದಿದ್ದುದು ಸದ್ದು ಮಾತ್ರ. ಸದ್ದನ್ನೇ ನೆಚ್ಚಿ ಇಷ್ಟು ತಲೆಮಾರು ದಾಟಿ ಬಂದ ಮಾತುಗಳು, ಒಂದೇ ಒಂದು ಅಂಕಿ ಕಳೆದುಕೊಂಡಿವೆ ಎಂದರೆ ಅದು ಸಣ್ಣ ನಷ್ಟ.

ಇಂಥದ್ದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಉತ್ತರ ಇಂಗ್ಲೆಂಡಿನ ಗುಡ್ಡಗಾಡಿನ ಕುರುಬರು ಕುರಿ ಎಣಿಸುವಾಗ ‘ಯಾನ್, ಟ್ಯಾನ್, ಟೆಥೆರಾ’ ಎನ್ನುತ್ತಿದ್ದರು. ಅದು ಇಂಗ್ಲಿಷ್ ಎಣಿಕೆಯಲ್ಲ, ವೇಲ್ಸ್ ಭಾಷೆಯ ಬಳಗದ್ದು.

ಎಣಿಕೆಗೂ ಹೊಡೆತಕ್ಕೂ ಇರುವ ನಂಟನ್ನು ಹೇಳದಿದ್ದರೆ ಈ ಮಾತುಗಳು ಉಳಿದ ಕಾರಣ ತಿಳಿಯುವುದಿಲ್ಲ. ಚಿಣಿ ಬಿದ್ದಲ್ಲಿಂದ ಕುಣಿಯವರೆಗೆ ದಾಂಡಿನಿಂದ ಅಳೆಯಬೇಕು. ಅಳತೆ ಯಾವ ಮಾತಿಗೆ ನಿಂತಿತೋ, ಮುಂದಿನ ಹೊಡೆತ ಆ ಮಾತಿನ ಹೊಡೆತ: ಒಂದಕ್ಕೆ ಚಿಣಿಯನ್ನು ಪಾದದ ಮೇಲಿಟ್ಟು ಹಾರಿಸಬೇಕು, ಒಂದಕ್ಕೆ ಮುಷ್ಟಿಯ ಮೇಲಿಟ್ಟು, ಇನ್ನೊಂದಕ್ಕೆ ಕಣ್ಣಿನ ಮೇಲಿಟ್ಟು. ಹೀಗಾಗಿ ‘ಮೂಂಡ’ ಎಂದರೆ ಆ ಹುಡುಗರಿಗೆ ಮೂರಲ್ಲ, ಒಂದು ಬಗೆಯ ನಿಲುವು, ಮೈಗೆ ಗೊತ್ತಿರುವ ಒಂದು ವರಸೆ. ‘ತೀನ್’ ಎಂದರೆ ಆ ವರಸೆ ಬರುವುದಿಲ್ಲ. ಅಜ್ಜ ಹೇಳಿದ್ದು ಸರಿ, ವಕಟ ಎಂದರೆ ವಕಟವೇ.

ಆಟದ ಹೆಸರುಗಳು ಮಾತ್ರ ಊರಿಗೊಂದು. ನಮ್ಮ ಕಡೆ ಚಿಣಿದಾಂಡು, ತೆಂಕಣಕ್ಕೆ ಹೋದರೆ ಚಿನ್ನಿದಾಂಡು, ಗಿಲ್ಲಿದಾಂಡು, ತುಳುನಾಡಿನಲ್ಲಿ ಕುಟ್ಟಿದೊಣ್ಣೆ, ತೆಲುಗರಿಗೆ ಬಿಲ್ಲಂಗೋಡು. ಚಿಣಿ ಎಂದಾಗ ನನಗೆ ‘ಚಿಣ್ಣ’ ಕೇಳಿಸುತ್ತದೆ. ದೊಡ್ಡ ಕೋಲಿನ ಪಕ್ಕದ ಗೇಣುದ್ದದ ಮರಿ. ಚಿಣಿಗೆ ಮರಾಠಿಯಲ್ಲಿ ಹೇಳುವ ‘ವಿಟಿ’ಗೆ ಇನ್ನೂ ಹಳೆಯ ಬೇರಿದೆ. ಆದಿಪರ್ವದಲ್ಲಿ ಹಸ್ತಿನಾವತಿಯ ರಾಜಕುಮಾರರು ಆಡುವಾಗ ಬಾವಿಗೆ ಬಿದ್ದದ್ದನ್ನು ದ್ರೋಣರು ಹುಲ್ಲುಕಡ್ಡಿಗಳಿಂದ ಮೇಲೆತ್ತಿಕೊಟ್ಟರಲ್ಲ, ನಾವು ಕೇಳಿದ ಕಥೆಗಳಲ್ಲಿ ಅದು ಚೆಂಡು. ಮೂಲದಲ್ಲಿರುವ ಮಾತು ‘ವೀಟಾ’. 17ನೇ ಶತಮಾನದ ವ್ಯಾಖ್ಯಾನಕಾರ ನೀಲಕಂಠ ಅದನ್ನು ಬಿಡಿಸಿ ಹೇಳುತ್ತಾನೆ: ಜವೆಗೋದಿಯ ಕಾಳಿನ ಆಕಾರದ, ಗೇಣುದ್ದದ ಕಟ್ಟಿಗೆ, ಮಕ್ಕಳು ಮೊಳದುದ್ದದ ಕೋಲಿನಿಂದ ಅದನ್ನು ಹಾರಿಸುತ್ತಾರೆ. ಗೋದಾವರಿ ತೀರದ ಮನೆತನದವನಾದ ನೀಲಕಂಠ ತಾನು ಹುಡುಗನಾಗಿದ್ದಾಗ ಆಡಿದ ಆಟವನ್ನೇ ಅಲ್ಲಿ ಕಂಡಿದ್ದಾನೆಂದು ನನಗೆ ಅನಿಸುತ್ತದೆ.

ಇತ್ತ ನಮ್ಮ ದಾಂಡು ಕ್ರಿಕೆಟ್ಟಿಗೂ ಹೋಗಿ ಬಂತು. ಮೈಕಟ್ಟಿನ ಗಟ್ಟಿ ಆಳಿಗೆ ಹೇಳುತ್ತಿದ್ದ ‘ದಾಂಡಿಗ’ ಎಂಬ ಮಾತನ್ನು ಪತ್ರಿಕೆಯವರು ಬ್ಯಾಟು ಹಿಡಿದವನಿಗೆ ಕೊಟ್ಟರು. ಕನ್ನಡಕ್ಕೆ ದಕ್ಕಿದ ಒಳ್ಳೆಯ ಮಾತುಗಳಲ್ಲಿ ಅದೊಂದು.

1956ರ ನವೆಂಬರ್ 1ರಂದು, ಕಣಕುಂಬಿಯಿರುವ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಚಂದಗಡ ತಾಲ್ಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗೆರೆ ಎಳೆಯುವ ಮುನ್ನ ಯಾರ ಮನೆಯಲ್ಲಿ ಯಾವ ಮಾತು ಎಂದು ತಲೆ ಎಣಿಸಿದ್ದರು. ಆ ಮನೆಗಳ ಮಕ್ಕಳು ಗದ್ದೆಯಲ್ಲಿ ಯಾವ ಮಾತಿನಲ್ಲಿ ಎಣಿಸುತ್ತಾರೆಂದು ಕೇಳುವ ಅಂಕಣ ಯಾವ ಗಣತಿಯ ಹಾಳೆಯಲ್ಲೂ ಇರಲಿಲ್ಲ.

ಕಣಕುಂಬಿಯ ಆ ಹುಡುಗನ ಅಳತೆ ಅವತ್ತು ‘ಆರ’ಕ್ಕೆ ನಿಂತಿತ್ತು. ಅವನು ದಾಂಡನ್ನು ಕಂಕುಳಲ್ಲಿ ಸಿಕ್ಕಿಸಿ, ಅಂಗೈ ಒರೆಸಿಕೊಂಡು, ಆಕಾಶಕ್ಕೆ ಮುಖವೆತ್ತಿ, ಮುಚ್ಚಿದ ಕಣ್ಣಿನ ಮೇಲೆ ಚಿಣಿಯನ್ನು ಮೆಲ್ಲಗೆ ಇಟ್ಟುಕೊಂಡ. ಉಳಿದವರು ನಾಲ್ಕು ಹೆಜ್ಜೆ ಹಿಂದೆ ಸರಿದರು.