ವರವು ಕಾವಲಿನ ಚತುಸ್ಸೀಮೆ

ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯು ಮಳೆ ವಿರಳವಾದ, ಮರ ವಿರಳವಾದ, ಆದರೆ ಹುಲ್ಲಿಗೆ ಬಡತನವಿಲ್ಲದ ಬಯಲು. ಈ ಬಯಲಿನಲ್ಲಿ ನೇಗಿಲು ತಾಗದೆ, ದನಕರುಗಳ ಮೇವಿಗೆಂದು ತಲೆತಲಾಂತರದಿಂದ ಉಳಿದುಬಂದ ವಿಸ್ತಾರವಾದ ಭೂಮಿಗಳಿಗೆ ಕಾವಲುಗಳೆಂದು ಹೆಸರು. ಅವುಗಳಲ್ಲಿ ಒಂದು ವರವು ಕಾವಲು. ನೇಗಿಲು ತಾಗದ ನೆಲವೆಂದ ಮಾತ್ರಕ್ಕೆ ಅದನ್ನು ಲೇಖನಿಯೂ ತಾಗದ ನೆಲವೆಂದು ಭಾವಿಸಬಾರದು. ಉಳುವವನು ತನ್ನ ಹೊಲವನ್ನು ಕಾಲಿನಿಂದಲೇ ಅಳೆದು ತೃಪ್ತನಾಗುತ್ತಾನೆ. ಆಳುವವನಿಗೆ, ತಾನು ಕಣ್ಣಿನಿಂದ ಕಾಣದ ಭೂಮಿಯನ್ನು ಕಾಗದದ ಮೇಲಾದರೂ ಕಾಣುವ ಬಯಕೆ. ಆ ಬಯಕೆಯ ಹಿಂದೆ ಇದ್ದ ಪ್ರಯೋಜನವಾದರೋ ಕಾಲಕಾಲಕ್ಕೆ ಬೇರೆ ಬೇರೆ. ಗಣಕಯಂತ್ರದಲ್ಲಿ ನಕ್ಷೆ ಬರೆಯುವ ವಿದ್ಯೆಯನ್ನು ಈಗ ಕಲಿಯಹೊರಟ ಚಳ್ಳಕೆರೆಯ ತರುಣನೊಬ್ಬನು ತನ್ನ ಅಭ್ಯಾಸಕ್ಕೆ ಈ ಕಾವಲನ್ನೇ ಆರಿಸಿಕೊಂಡನಾದರೆ, ಅವನ ಕೈಗೆ ಬರುವ ಒಂದೊಂದು ಹಳೆಯ ಪತ್ರವೂ ಯಾವುದೋ ಒಂದು ಪ್ರಯೋಜನದ ಅಚ್ಚಿನಲ್ಲಿ ಎರಕಗೊಂಡಿರುವುದನ್ನು ಅವನು ಕಾಣುವನು.

ಈ ಸೀಮೆಗೆ ಬರೆಹದ ಪರಿಚಯ ಇಂದುನಿನ್ನೆಯದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಬಿ. ಎಲ್. ರೈಸ್ ಅವರು 1892ರಲ್ಲಿ ಗುರುತಿಸಿದ ಅಶೋಕನ ಶಾಸನಗಳು, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞಾಪತ್ರದ ರೂಪದಲ್ಲಿವೆ. ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರೊಂದನ್ನು ಮಾತ್ರ ದೂರದ ವಾಯವ್ಯದ ಖರೋಷ್ಠೀ ಲಿಪಿಯಲ್ಲಿ ಕೆತ್ತಿದನು. ಎಲ್ಲಿಂದ ಬಂದುದು, ಯಾರಿಗೆ ಬಂದುದು, ಬರೆದವನಾರು ಎಂಬ ಮೂರು ಸಂಗತಿಗಳೂ ಅಲ್ಲಿ ದಾಖಲಾಗಿವೆ. ಸರ್ಕಾರಿ ಕಡತಗಳಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದು ಇಂದಿಗೂ ಭಾಗ್ಯವೆಂದೇ ಹೇಳಬೇಕು. ಮುಂದೆ ಬಂದ ದಾನಶಾಸನಗಳಲ್ಲಿ ಭೂಮಿಯನ್ನು ಗುರುತಿಸುವ ಬಗೆ ಚತುಸ್ಸೀಮೆಯ ವಿವರಣೆ: ಮೂಡಲು ಹಳ್ಳ, ತೆಂಕಲು ನೆಟ್ಟ ಕಲ್ಲು, ಪಡುವಲು ಆಲದ ಮರ, ಬಡಗಲು ದಾರಿ. ಇದೂ ಒಂದು ನಕ್ಷೆಯೇ. ನೆಲದ ಮೇಲೆ ನಡೆದು ನೋಡುವವನಿಗೆ ಅದರಷ್ಟು ಸುಲಭವಾದುದು ಮತ್ತೊಂದಿಲ್ಲ. ಆದರೆ ಮರ ಬಿದ್ದ ದಿವಸ ಪಡುವಲ ಎಲ್ಲೆಯೂ ಬೀಳುವುದು.

ಕಾವಲುಗಳ ಕಥೆ ವಾಸ್ತವವಾಗಿ ದನಗಳ ಕಥೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದಕ್ಕೆಂದು ಬೆಣ್ಣೆ ಚಾವಡಿ ಎಂಬ ಇಲಾಖೆಯೊಂದು ರೂಪುಗೊಂಡಿತು. ಹೈದರನ ಕಾಲಕ್ಕೆ ಬೆಣ್ಣೆಗಿಂತ ಎತ್ತಿನ ಬೆಲೆ ಹೆಚ್ಚಿತು. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟನು. ಹೈದರನ ಸೈನ್ಯವು ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರುಗಳು ಹೇಳುತ್ತವೆ. ಅವುಗಳ ಸಾಮರ್ಥ್ಯವನ್ನು ಮೈಸೂರಿನಲ್ಲಿ ಕಂಡಿದ್ದ ವೆಲಿಂಗ್ಟನ್, ಮುಂದೆ ಸ್ಪೇನಿನ ಯುದ್ಧದಲ್ಲಿ ತನ್ನ ಬಳಿ ಅವು ಇರಲಿಲ್ಲವಲ್ಲಾ ಎಂದು ಹಲುಬಿದನೆಂಬುದೂ ಅಲ್ಲಿ ಬರುವ ಮಾತೇ. ಚಿತ್ರದುರ್ಗವು 1779ರವರೆಗೆ ತನ್ನ ನಾಯಕರ ಆಳ್ವಿಕೆಯಲ್ಲಿದ್ದು, ಅನಂತರ ಹೈದರನ ವಶವಾದುದರಿಂದ, ಈ ಭಾಗದ ಹುಲ್ಲುಗಾವಲುಗಳು ಮೈಸೂರಿನ ದನಗಳಿಗೆ ತೆರೆದುಕೊಂಡುದು ಆ ಮೇಲಿನ ಮಾತು. ಅದಕ್ಕೆ ಬಹು ಮುಂಚಿನಿಂದಲೂ ಮ್ಯಾಸ ನಾಯಕರ ದೇವರ ಎತ್ತುಗಳೂ, ಅವುಗಳನ್ನು ಕಾಯುವ ಕಿಲಾರಿಗಳೂ, ಗೊಲ್ಲರ, ಕುರುಬರ ಮಂದೆಗಳೂ ಈ ಬಯಲನ್ನು ತಿಳಿದಿದ್ದುವು. ಚಳ್ಳಕೆರೆಯ ಕಂಬಳಿಯ ಕೀರ್ತಿಗೆ ಮೂಲವಾದ ಉಣ್ಣೆ ಈ ಹುಲ್ಲಿನಿಂದಲೇ ಹುಟ್ಟಿತು.

ಅಮೃತಮಹಲಿನ ಅಧಿಕಾರಿಗಳು ಕಾವಲುಗಳನ್ನು ವಿಂಗಡಿಸಿದ ಕ್ರಮವು ಗಮನಾರ್ಹವಾದುದು. ಬೇಸಗೆಯಲ್ಲಿ ನೀರೂ ನೆರಳೂ ಸಿಗುವ ಕಾವಲುಗಳು ಒಂದು ವರ್ಗ, ಮಳೆಗಾಲದಲ್ಲಿ ಮೇಯಿಸತಕ್ಕವು ಮತ್ತೊಂದು, ಚಳಿಗಾಲದವು ಇನ್ನೊಂದು. ದನಗಳು ಋತುವನ್ನನುಸರಿಸಿ ಒಂದು ಕಾವಲಿನಿಂದ ಇನ್ನೊಂದಕ್ಕೆ ಸಾಗುತ್ತಿದ್ದುವು. ಒಂದು ಸ್ಥಳವು ಎಲ್ಲಿದೆ ಎಂಬುದರ ಜೊತೆಗೆ ಯಾವಾಗ ಉಪಯುಕ್ತ ಎಂಬುದನ್ನೂ ಬರೆದಿಡುವ ಈ ಪದ್ಧತಿ, ನನ್ನ ಮತದಲ್ಲಿ, ಅನಂತರ ಬಂದ ಅನೇಕ ಅಂದವಾದ ನಕ್ಷೆಗಳಿಗಿಂತ ಬುದ್ಧಿವಂತಿಕೆಯದು. ಮಿತವ್ಯಯದ ನೆಪದಿಂದ 1860ರಲ್ಲಿ ದನಗಳನ್ನೆಲ್ಲ ಮಾರಿ, ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಇಲಾಖೆಯನ್ನು ಕಟ್ಟಬೇಕಾಗಿ ಬಂದ ಪ್ರಸಂಗವನ್ನು ಇಲ್ಲಿ ವಿಸ್ತರಿಸುವ ಅವಶ್ಯಕತೆಯಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾವಲುಗಳ ಒಟ್ಟು ವಿಸ್ತೀರ್ಣ 4 ಲಕ್ಷ ಎಕರೆಗೂ ಮೀರಿದ್ದಿತೆಂಬುದನ್ನು ನೆನೆದರೆ ಸಾಕು.

ಶ್ರೀರಂಗಪಟ್ಟಣ ಬಿದ್ದ 1799ರಲ್ಲಿಯೇ ಕಾಲಿನ್ ಮೆಕೆಂಝಿಗೆ ಮೈಸೂರು ಸೀಮೆಯ ಮೋಜಣಿಯ ಕಾರ್ಯ ಒಪ್ಪಿತವಾಯಿತು; ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನಳೆದು, 1802ರಲ್ಲಿ ಮದರಾಸಿನಿಂದ ತ್ರಿಕೋನ ಮೋಜಣಿಯನ್ನು ಆರಂಭಿಸಿದನು. ಇವು ಗೆದ್ದವರು ಗೆದ್ದ ನೆಲವನ್ನು ಎಣಿಸಿಕೊಂಡ ಕಾರ್ಯಗಳು. ಕೋಟೆ, ದಾರಿ, ಗಡಿ, ಬೆಟ್ಟದ ಶಿಖರ ಇವು ಮುಖ್ಯ, ಹುಲ್ಲು ಗೌಣ.

ಕಾವಲಿನ ಎಲ್ಲೆಯು ಅಂಗುಲದ ಲೆಕ್ಕಕ್ಕೆ ಸಿಕ್ಕಿದುದು ಕಂದಾಯ ಮೋಜಣಿಯಿಂದ. ಮೈಸೂರು ಸಂಸ್ಥಾನದಲ್ಲಿ ಇದು 1863ರಲ್ಲಿ ಮೊದಲಾಯಿತು, ಮೊದಲಾದುದೂ ಚಿತ್ರದುರ್ಗದ ಕಡೆಯಿಂದಲೇ. ಮುಂಬಯಿ ಪ್ರಾಂತದ ಪದ್ಧತಿಯಂತೆ 33 ಅಡಿಯ ಸರಪಣಿ. ಅದರಲ್ಲಿ 16 ಆಣೆ. ಒಂದು ಸರಪಣಿ ಉದ್ದ, ಒಂದು ಸರಪಣಿ ಅಗಲದ ನೆಲವೇ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ಹೊಲದಲ್ಲಿ ನಿಂತು ಬರೆದ ಕೈಚಿತ್ರ ಮತ್ತು ಅಳತೆಗಳಿಗೆ ಟಿಪ್ಪಣಿ ಎಂದೂ, ವಿಸ್ತೀರ್ಣವನ್ನೂ ಕಂದಾಯವನ್ನೂ ತೋರಿಸುವ ಪಟ್ಟಿಗೆ ಆಕಾರಬಂದು ಎಂದೂ ಹೆಸರು; ಇವೆಲ್ಲವನ್ನು ಕೂಡಿಸಿ, 20 ಸರಪಣಿಗೆ ಒಂದು ಅಂಗುಲದಂತೆ, ಎಂದರೆ ಮೈಲಿಗೆ 8 ಅಂಗುಲದಂತೆ, ಗ್ರಾಮನಕ್ಷೆಯನ್ನು ಬರೆಯುವರು. ಎಲ್ಲೆಗಳಲ್ಲಿ ಬಾಂದು ಕಲ್ಲುಗಳನ್ನು ನೆಡುವರು. ಚಿತ್ರವೊಂದು ಕಡೆ, ಪಟ್ಟಿಯೊಂದು ಕಡೆ, ಎರಡನ್ನೂ ಬೆಸೆಯುವ ಸರ್ವೆ ನಂಬರು ನಡುವೆ. ಈ ವ್ಯವಸ್ಥೆಯನ್ನು ಚೆನ್ನಾಗಿ ಗ್ರಹಿಸಿದವನಿಗೆ ಇಂದಿನ ಯಾಂತ್ರಿಕ ನಕ್ಷಾವಿದ್ಯೆಯ ಅರ್ಧ ಭಾಗ ಆಗಲೇ ಕೈವಶವಾಯಿತೆಂದು ತಿಳಿಯಬಹುದು. ಆದರೆ ಸಾಗುವಳಿಯ ನೆಲವು ಕಂದಾಯ ಹೊರುವುದಕ್ಕಾಗಿ ಸಣ್ಣ ಸಣ್ಣ ನಂಬರುಗಳಾಗಿ ಒಡೆಯಿತು. ಕಾವಲಾದರೋ ಕಂದಾಯ ತರುವ ನೆಲವಲ್ಲವಾದುದರಿಂದ, ಅದರ ಒಳಗನ್ನು ಒಡೆದು ನೋಡುವ ಪ್ರಮೇಯ ಮೋಜಣಿದಾರನಿಗೆ ಬರಲಿಲ್ಲ. ಹೊರಗಣ ಎಲ್ಲೆಯೊಂದು ಭದ್ರವಾಯಿತು. ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುವುದು, ಯಾವ ಊರಿನ ಮಂದೆ ಯಾವ ಜಾಡಿನಲ್ಲಿ ಬಂದು ಎಲ್ಲಿ ತಂಗುವುದು ಎಂಬುದೆಲ್ಲ ಕಿಲಾರಿಯ ನೆನಪಿನಲ್ಲಿಯೇ ಉಳಿಯಿತು.

ನಕ್ಷೆಯ ಆ ಮೌನದ ಬೆಲೆ ತಿಳಿದುಬಂದುದು ನಮ್ಮ ಕಾಲದಲ್ಲಿ. 2008ರಿಂದ ಈಚೆಗೆ ಚಳ್ಳಕೆರೆಯ ಕಾವಲುಗಳ ಸಾವಿರಾರು ಎಕರೆ ಭೂಮಿಯು ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರ, ಇಸ್ರೋ, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ಇವುಗಳಿಗೆ ಹಂಚಿಕೆಯಾಯಿತು; ವರವು ಕಾವಲಿನ ಕಡೆಯ 4,290 ಎಕರೆ ಡಿಆರ್‌ಡಿಒ ಪಾಲಿಗೆ ಬಂದಿತು. ಕಾಗದದಲ್ಲಿ ಬರಿದೆಂದು ತೋರುವ ನೆಲವನ್ನು ಕೊಡುವುದು ಸುಲಭ. ಮೇವನ್ನು ಕಳೆದುಕೊಂಡ ಊರುಗಳ ಅಹವಾಲು ಚೆನ್ನೈಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಪೀಠದವರೆಗೆ ಹೋಗಿ, 2014ರಲ್ಲಿ ತೀರ್ಪಾಯಿತು. 2017ರ ಮೇ 28ರಂದು ಅಲ್ಲಿ ಡಿಆರ್‌ಡಿಒ ವಿಮಾನಪರೀಕ್ಷಾ ಕ್ಷೇತ್ರದ ಉದ್ಘಾಟನೆ ನಡೆಯಿತು. 2023ರ ಏಪ್ರಿಲ್ 2ರ ಬೆಳಿಗ್ಗೆ, ಹೆಲಿಕಾಪ್ಟರೊಂದು ಸುಮಾರು ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿ ಬಿಟ್ಟ ಇಸ್ರೋದ ರೆಕ್ಕೆಯುಳ್ಳ ವಾಹನವು, ಚಾಲಕನಿಲ್ಲದೆ, ತನ್ನ ಸ್ಥಾನವನ್ನು ತಾನೇ ಗಣಿಸಿಕೊಳ್ಳುತ್ತ ಬಂದು ಇಲ್ಲಿಯ ಓಡುದಾರಿಯ ಮೇಲಿಳಿಯಿತು. ಈ ಸಾಧನೆ ಹೆಮ್ಮೆಪಡತಕ್ಕುದೇ. ಆದರೂ ಆ ಓಡುದಾರಿಯ ನಡುಗೆರೆಯ ಅಕ್ಷಾಂಶ ರೇಖಾಂಶಗಳು ಗೊತ್ತಿರುವಷ್ಟು ಖಚಿತವಾಗಿ, ಅದೇ ನೆಲದಲ್ಲಿ ಸಾಗುತ್ತಿದ್ದ ದನದ ಜಾಡೊಂದೂ ಯಾವ ದಫ್ತರದಲ್ಲಿಯೂ ಗುರುತಾಗಲಿಲ್ಲವೆಂಬುದನ್ನು ಹೇಳದೆ ಬಿಡಲಾರೆ.

ಇತ್ತ ದಫ್ತರಗಳೂ ಗಣಕಯಂತ್ರವನ್ನು ಹೊಕ್ಕವು. ನಾಡಿನ ಪಹಣಿಗಳೆಲ್ಲ ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆಯಲ್ಲಿ ಸೇರಿದುವು. ಅಲ್ಲಿಗೆ ಬಂದುದು ಪಟ್ಟಿ ಮಾತ್ರ, ಚಿತ್ರವಲ್ಲ. ಚಿತ್ರವೂ ಕೂಡಿಕೊಂಡು, ನಿಂತ ನೆಲದ ಸರ್ವೆ ನಂಬರನ್ನು ಮೊಬೈಲಿನಲ್ಲಿ ತೋರಿಸುವ ದಿಶಾಂಕ್ ಬರುವುದಕ್ಕೆ ಇನ್ನೂ ಹಲವು ವರುಷಗಳು ಹಿಡಿದುವು. ಪಟ್ಟಿಯನ್ನೂ ಚಿತ್ರವನ್ನೂ ಯಂತ್ರದೊಳಗೆ ಬೆಸೆಯುವ ಉಪಾಯವನ್ನು 1960ರ ದಶಕದಲ್ಲಿ ಕೆನಡಾದ ಭೂಸಂಪತ್ತಿನ ಗಣನೆಗಾಗಿ ರೂಪಿಸಿದವರು ರೋಜರ್ ಟಾಮ್ಲಿನ್ಸನ್. ಗ್ಯಾರಿ ಶರ್ಮನ್ 2002ರಲ್ಲಿ ಆರಂಭಿಸಿದ ಕ್ಯೂಜಿಐಎಸ್ ಎಂಬ ತಂತ್ರಾಂಶವಾದರೋ ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದುದು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ನಕ್ಷೆ ಮಾಡುವುದಕ್ಕಿದ್ದ ಅನುಮತಿಯ ಬಂಧನಗಳನ್ನು ಬಹುಮಟ್ಟಿಗೆ ಸಡಿಲಿಸಿತು. ರಕ್ಷಣಾ ಕ್ಷೇತ್ರಗಳ ಒಳವಿವರಕ್ಕೆ ನಿಷೇಧವುಂಟು. ಆದುದರಿಂದ ನಮ್ಮ ತರುಣನು ಬೇಲಿಯ ಹೊರಗೆ ನಿಂತೇ ಕೆಲಸ ಮಾಡತಕ್ಕದ್ದು.

ಅವನಿಗೆ ಎದುರಾಗುವ ಮೊದಲ ತೊಡಕು ನಕ್ಷೆಗಳು ಒಂದರ ಮೇಲೊಂದು ಕೂಡದಿರುವುದು. ಹಳೆಯ ಸರ್ವೆ ಆಫ್ ಇಂಡಿಯಾ ಹಾಳೆಗಳು 1830ರ ಎವರೆಸ್ಟ್ ಗೋಳಮಾನವನ್ನು ನಂಬಿದವು. ಉಪಗ್ರಹಗಳು ಡಬ್ಲ್ಯೂಜಿಎಸ್ 84 ಎಂಬ ಬೇರೊಂದು ಮಾನವನ್ನು. ಈ ಭೇದವನ್ನು ಯಂತ್ರಕ್ಕೆ ತಿಳಿಸದೆಹೋದರೆ, ಚಳ್ಳಕೆರೆಯ ಸೀಮೆಯಲ್ಲಿ ಒಂದೇ ಬಾವಿಯು ಎರಡಾಗಿ, ನೂರು ಮೀಟರಿಗೂ ಮೀರಿದ ಅಂತರದಲ್ಲಿ ಕಾಣಿಸಿಕೊಳ್ಳುವುದು. ಅಳತೆಗೆ ಅನುಕೂಲವಾದುದು ಯುಟಿಎಮ್ ಎಂಬ ನಕ್ಷಾಪ್ರಕ್ಷೇಪದ 43ನೆಯ ವಲಯ. ಗ್ರಾಮನಕ್ಷೆಗಾದರೋ ಅಕ್ಷಾಂಶವೇ ಇಲ್ಲ. ಕೆರೆಯ ಏರಿ, ಗುಡಿ, ಮೂರು ಊರುಗಳ ಎಲ್ಲೆ ಕೂಡುವೆಡೆಯ ಕಲ್ಲು ಮೊದಲಾದ, ಇಂದಿಗೂ ಕದಲದಿರುವ ಗುರುತುಗಳನ್ನು ಹಿಡಿದು ಅದನ್ನು ಭೂಮಿಗೆ ಕಟ್ಟಬೇಕು. ಬಟ್ಟಬಯಲಾದ ಕಾವಲಿನಲ್ಲಿ ಅಂಥ ಗುರುತುಗಳೇ ಅಪರೂಪ. ಅವು ನಕ್ಷೆಯ ಒಂದೇ ಮೂಲೆಯಲ್ಲಿ ಗುಂಪಾದರೆ ಉಳಿದ ಮೂಲೆಗಳು ಸೊಟ್ಟಗಾಗುವುವು; ಅದಕ್ಕಾಗಿ ಬಿಸಿಲಿನಲ್ಲಿ ಬಾಂದು ಕಲ್ಲುಗಳನ್ನು ಹುಡುಕಿಕೊಂಡು ಹೋಗದೆ ಗತ್ಯಂತರವಿಲ್ಲ.

ಎರಡನೆಯ ತೊಡಕು ಕಡತಗಳದು, ಇದೇ ಹೆಚ್ಚು ಜನರನ್ನು ಸೋಲಿಸುವುದು. ಶೇಪ್‌ಫೈಲ್ ಎಂಬುದು ಹೆಸರಿಗೆ ಒಂದಾದರೂ ವಾಸ್ತವದಲ್ಲಿ ಒಂದು ಕುಟುಂಬ: ಆಕಾರ, ಅದರ ಸೂಚಿ, ಪಟ್ಟಿ ಇವು ಮೂರೂ ಒಂದೇ ಹೆಸರಿನಿಂದ ಒಂದೇ ಫೋಲ್ಡರಿನಲ್ಲಿರಬೇಕು, ಗೋಳಮಾನವನ್ನು ಹೇಳುವ ನಾಲ್ಕನೆಯದೂ ಜೊತೆಗಿರಬೇಕು, ಒಂದನ್ನು ಮಾತ್ರ ಪ್ರತಿಮಾಡಿ ಸ್ನೇಹಿತನಿಗೆ ಕಳುಹಿಸಿದರೆ ಅವನಿಗೆ ದಕ್ಕುವುದೇನೂ ಇಲ್ಲ. ಅದರ ಅಂಕಣಗಳ ಹೆಸರಿಗೆ ಹತ್ತು ಬೈಟುಗಳ ಮಿತಿ. ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟುಗಳನ್ನು ನುಂಗುವುದರಿಂದ ಮೂರು ಚಿಹ್ನೆಗಳಿಗೆ ಕಥೆ ಮುಗಿಯಿತು. ಕನ್ನಡದಲ್ಲಿ ಬರೆಯುವವನಿಗೆ 2014ರಲ್ಲಿ ಮಾನ್ಯವಾದ ಜಿಯೋಪ್ಯಾಕೇಜ್ ಲೇಸು. ಒಂದೇ ಕಡತದಲ್ಲಿ ಹಲವು ಪದರಗಳು ಅಡಗುವುವು. ತಂದ ಮೂಲಪ್ರತಿಗಳನ್ನು ಒಂದೆಡೆ ಮುಟ್ಟದೆ ಇಟ್ಟು, ತಾನು ತಿದ್ದುವುದನ್ನು ಬೇರೆಡೆ ಇಟ್ಟು, ಪ್ರತಿಯೊಂದಕ್ಕೂ ಊರು, ವಿಷಯ, ವರುಷ ಇವುಗಳಿಂದ ಕೂಡಿದ ಹೆಸರು ಕೊಟ್ಟು, ಎಲ್ಲಿಂದ ಬಂದುದು, ಯಾವ ಅಳತೆಯದು, ತಿದ್ದಿದವನಾರು ಎಂದು ಒಂದು ಹಾಳೆಯಲ್ಲಿ ಬರೆದಿಡುವುದು ಶಾನುಭೋಗರ ಕಾಲದಿಂದ ಬಂದ ಶಿಸ್ತು.

ಇಷ್ಟು ಸಜ್ಜಾದ ಮೇಲೆ, ಹಿಂದಿನವರಾರೂ ಬರೆಯದ ಪದರವನ್ನು ಅವನು ಕೈಗೆತ್ತಿಕೊಳ್ಳಬಹುದು: ನೀರಿನ ಹೊಂಡಗಳು ಬಿಂದುಗಳಾಗಿ, ಮಂದೆಯ ಜಾಡುಗಳು ರೇಖೆಗಳಾಗಿ, ಋತುವಿನ ಮೇವು ಕ್ಷೇತ್ರಗಳಾಗಿ. ಹಳೆಯ ಉಪಗ್ರಹಚಿತ್ರಗಳು ಇಲ್ಲಿ ಹೆಚ್ಚು ನೆರವಾಗಲಾರವು. ಲ್ಯಾಂಡ್‌ಸ್ಯಾಟಿನ ಒಂದು ಚೌಕವೆಂದರೆ 30 ಮೀಟರು, ದನದ ಜಾಡು ಅದರೊಳಗೆ ಕರಗಿಹೋಗುವುದು. ಬೇಲಿಯ ಒಳಗಿನದನ್ನು ನಡೆದು ನೋಡುವಂತೆಯೂ ಇಲ್ಲ. ಉಳಿದುದು, ಅಲ್ಲಿ ದನ ಕಾಯ್ದ ಹಿರಿಯರನ್ನು ಕೂರಿಸಿಕೊಂಡು ಕೇಳುವ ದಾರಿಯೊಂದೇ. ಇಬ್ಬರು ಹೇಳಿದುದು ಬೇರೆಯಾದರೆ ಎರಡನ್ನೂ ಇಡಬೇಕು. ಆ ಪದರದ ಪಟ್ಟಿಯಲ್ಲಿ ಅಳೆದುದು, ಕೇಳಿದುದು ಎಂದು ಬೇರ್ಪಡಿಸುವ ಅಂಕಣವೊಂದನ್ನೂ, ಕೇಳಿದ ದಿನಾಂಕಕ್ಕೆ ಇನ್ನೊಂದನ್ನೂ ಮೊದಲ ಗೆರೆ ಎಳೆಯುವುದಕ್ಕೆ ಮುಂಚೆಯೇ ಸೇರಿಸತಕ್ಕದ್ದು. ಗೆರೆಗಳು ನೂರಾದ ಮೇಲೆ ಸೇರಿಸಹೋದರೆ, ಯಾವುದು ಸರಪಣಿಯ ಮಾತು, ಯಾವುದು ಕಿಲಾರಿಯ ಮಾತು ಎಂದು ಬರೆದವನಿಗೂ ತಿಳಿಯದು.